ಅಡ್ಡ ಬಂದ ಎಮ್ಮೆ

ಅಯ್ಯೋ, ಎಮ್ಮೆ ಬಣ್ಣ ಯಾಕ್ರೀ ಸಾಹೇಬ್ರೆ? ಎಮ್ಮೆ ಕಪ್ಪಗಿರದೆ ಇನ್ನೇನು ಕೆಂಪಗಿರ್ತೈತಾ! ಬರ್ಕಳ್ರಿ, ಕಪ್ಪು. ಯಾರ್ದು ಅಂದ್ರೆ... ಯಾರ್ದೋ. ಅದು ಅಡ್ಡ ಬಂತು, ನಮ್ಮನೆಯೋರು ಬ್ರೇಕ್ ಹಾಕಿದ್ರು, ಮೊಪೆಡ್ ಬಿತ್ತು, ಅವರ ಕೈ ಮುರೀತು. ಅಷ್ಟೇ ರೀ. ಇನ್ಶೂರೆನ್ಸ್ ಆಫೀಸಿನೋರು ದಾವಣಗೆರೆಯಿಂದ ನಮ್ಮೂರು ಸೊಕ್ಕೆಗಂಟ ಇಷ್ಟು ಕೇಳಾಕೆ ಬಂದ್ರಾ? ಚಾ ಕುಡೀರಿ, ಆರೋಗ್ತೈತೆ.

ಅವರನ್ನ ಎಬ್ಬಿಸಬ್ಯಾಡ್ರಿ, ಈಗಿನ್ನೂ ಮಲಗ್ಯಾರೆ. ನಂಗೂ ಎಲ್ಲಾ ಗೊತ್ತೈತೆ, ಹಿಂದೆ ಕೂತಿದ್ದೋಳು ನಾನೇ ಅಲ್ವಾ.

ಹೆಂಗೆ ಕೂತಿದ್ದೆ ಅಂದ್ರೆ? ಎಲ್ಲಾ ಹೆಂಗಸರು ಕೂರಂಗೆ ರೀ! ಎರಡೂ ಕಾಲು ಎಡಕ್ಕೆ ಬಿಟ್ಕಂಡು, ಅವರ ಹೆಗಲು ಹಿಡ್ಕಂಡು. ನಿಮ್ಮನೆಯೋರು ಹಿಂಗೇ ಅಲ್ವಾ ಹೆಗಲು ಹಿಡಿಯೋದು? ಓಹೋ, ನಾಚ್ಕಂಡ್ರು ಸಾಹೇಬ್ರು!

ಬೇಗ ಗಾಡಿ ರಿಪೇರಿ ದುಡ್ಡು ಪಾಸ್ ಮಾಡಿಕೊಡ್ರಿ. ಎಂಬತ್ಮೂರರ ದೀಪಾವಳಿಗೆ ತಂದ ಗಾಡಿ, ಇನ್ನೂ ವರ್ಷ ತುಂಬಿಲ್ಲ. ಕೈ ವಾಸಿಯಾದ್ರೂ ಗಾಡಿ ಇಲ್ಲದೆ ಜಗಳೂರಿನ ಟೈಲರ್ ಅಂಗಡಿಗೆ ಹೆಂಗೆ ಹೋಗ್ತಾರೆ? ನಮ್ಮೂರ ಬಸ್ಸು ಬಂದಾಗ ಬಂತು, ಹೋದಾಗ ಹೋತು.

ಏನ್ ನೋಡ್ತೀರಿ... ನನ್ನ ಕಾಲಾ? ಅದು ಒಲೆ ಕೊಳ್ಳಿ ತಗುಲಿದ್ದು. ನಿನ್ನೆ. ಅಲ್ಲಲ್ಲ, ಮೊನ್ನೆ. ಹೌದು ರೀ, ಬಲಗಾಲೇ, ಒಳಮಗ್ಗುಲೇ. ಕೊಳ್ಳಿಗೇನು ಎಡ ಬಲ ಗೊತ್ತಾಗ್ತೈತಾ?

ಗಾಡಿ ಹತ್ರ ಯಾಕ್ ಹೋದ್ರಿ? ಸೈಲೆನ್ಸರ್ ಬಲಗಡೆನೇ ಐತೆ, ಕಾಣ್ತೈತಲ್ಲ. ಎಡಕ್ಕೆ ಕಾಲು ಬಿಟ್ಟೋಳಿಗೆ ಅದು ಹೆಂಗೆ...

ಸೈಲೆನ್ಸರ್ ಒಂದ್ಸಲ, ನನ್ನ ಕಾಲು ಒಂದ್ಸಲ! ಹಿಂಗೆ ನೋಡಬ್ಯಾಡ್ರಿ.

...ಹೂಂ. ನಾನೇ ಓಡಿಸ್ತಿದ್ದೆ. ಅವರು ಹಿಂದೆ ಇದ್ರು. ಲೈಸೆನ್ಸ್ ಇಲ್ಲದೋರು ಓಡಿಸಿದ್ರೆ ಪೈಸಾನೂ ಬರಲ್ಲ ಅಂತ ಬಾಯಿ ಬಿಡ್ಲಿಲ್ಲ. ಎರಡು ತಿಂಗಳಿಂದ ಅವರೇ ಕಲಿಸ್ತಿದ್ರು. ಎಷ್ಟು ಚೆಂದ ಐತೆ ಅಂತೀರಿ ಗಾಡಿ ಓಡಿಸೋದು! ಎಮ್ಮೆನೂ ಇಲ್ಲ ಕೋಣನೂ ಇಲ್ಲ ರೀ. ಎದುರಿಗೆ ನಮ್ಮ ಮಾವ ಚಿತ್ತಪ್ಪನೋರು ಬಂದ್ಬಿಟ್ರು. ಮಾವನ ಮುಂದೆ ಬರೀ ತಲೇಲಿ ಇರಾಕಾಗ್ತೈತಾ? ಸೆರಗು ಹೊದ್ಕಳ್ಳಾನ ಅಂತ ಒಂದು ಕೈ ಬಿಟ್ಟೆ... ಬಿದ್ವಿ. ಎಮ್ಮೆ ಅಂತ ಮೊದ್ಲು ಕೂಗಿದ್ದೇ ಮಾವ! ಜನ ಓಡಿ ಬಂದ್ರಲ್ಲ, ಅವರ ಮುಂದೆ ಸೊಸೆ ಮರ್ಯಾದೆ ಉಳಿಸಾಕೆ.

ನಗ್ರಿ, ನಗ್ರಿ. ಆದ್ರೆ ಅವತ್ತಿಂದ ಕೆಂಪಕ್ಕನ ಹೋಟ್ಲಾಗೆ ಅವರನ್ನೇ ಆಡ್ಕಂತಾರೆ, "ಹೆಂಡ್ತೀನ ಬೀಳಿಸಿದ ಬೋರಣ್ಣ" ಅಂತ. ಇವರು ಎಲ್ಲಾ ಕೇಳ್ಕಂಡು ಬಂದು ಉಣ್ತಾರೆ. ತಪ್ಪು ನಂದು, ಮಾತು ಅವರಿಗೆ ರೀ.

ಯಾಕೆ, ಪೆನ್ನು ಜೇಬಿಗಿಟ್ರಿ? ಓಡಿಸ್ತಿದ್ದೋರು ಬೋರಣ್ಣ ಅಂತ ಬರ್ದಿದ್ದನ್ನ ಹಂಗೇ ಬಿಡ್ತೀರಾ? ಒಳ್ಳೇ ಮನಸ್ಸು ನಿಮ್ದು, ತಂಪಾಗಿರ್ರಿ. ಆದ್ರೆ ಬ್ಯಾಡ. ಮಾವ ಒಂದು ಸುಳ್ಳು ಹೇಳಿದ್ರು, ಗಂಡ ಒಂದು ಹೊತ್ಕಂಡ್ರು, ಈಗ ನೀವೂ ಒಂದು ಬರೀಬ್ಯಾಡ್ರಿ. ದುಡ್ಡು ಬರದಿದ್ರೆ ಬಸ್ಸಿಗೇ ಕಾಯಾನ. ಹೊಡೆದಾಕ್ರಿ ಅವರ ಹೆಸರು. ಓಡಿಸ್ತಿದ್ದೋಳು ಹೆಂಡ್ತಿ ಉಚ್ಚಂಗೆಮ್ಮ, ಬೀಳಿಸಿದೋಳೂ ಉಚ್ಚಂಗೆಮ್ಮ ಅಂತ ಬರೀರಿ.

ಬರೆದ್ರಾ? ಓದ್ರಿ... ಇನ್ನೂ ಜೋರಾಗಿ ಓದ್ರಿ. ಒಳಗೆ ಅವರಿಗೂ ಕೇಳ್ಲಿ.