ಬಿಟ್ಟುಹೋದ ದೀರ್ಘ

ಮಾನ್ಯ ಅಧ್ಯಕ್ಷರೇ, ಇಂದು ಎಂಬತ್ತೈದು ತುಂಬಿದ ನಮ್ಮ ಲಗಮಣ್ಣ ಮಾಸ್ತರರೇ, ದೊಡವಾಡದ ಸಭಿಕರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ತಾಯಂದಿರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ನ್ಯೂಜಿಲೆಂಡಿನ ಗಣ್ಯ ಉದ್ಯಮಿ ಗುರುನಾಥ’ ಎಂದು ಅಚ್ಚು ಹಾಕಿಸಿದ್ದೀರಿ. ನಾನು ಅಲ್ಲಿ ಜನರಿಗೆ ಕಾರು ಕಲಿಸುತ್ತೇನೆ, ಅಷ್ಟೇ. ಆದರೆ ಅಚ್ಚಿನ ತಪ್ಪಿನ ಬಗ್ಗೆ ಮಾತಾಡುವ ಅರ್ಹತೆ ಈ ಸಭೆಯಲ್ಲಿ ನನಗಿಂತ ಹೆಚ್ಚು ಯಾರಿಗಿದೆ?

ಮೂವತ್ತೆರಡು ವರ್ಷದ ಹಿಂದೆ ನಾನು ಬೈಲಹೊಂಗಲದ ಒಂದು ವಾರಪತ್ರಿಕೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ. ಆ ವಾರ ಇದೇ ಮೈದಾನದಲ್ಲಿ ನಿಧಾನ ಸೈಕಲ್ ಸ್ಪರ್ಧೆ ನಡೆದು, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದ ಮಾಸ್ತರರು ಗೆದ್ದಿದ್ದರು. ‘ಸೈಕಲ್ ಮೇಲೆ ನಿಧಾನ: ಲಗಮಣ್ಣ ಮಾಸ್ತರ ಪ್ರಥಮ’ ಎಂಬುದು ತಲೆಬರಹ. ಅವಸರದಲ್ಲಿ ನಾನು ‘ಧಾ’ ಬದಲು ‘ಧ’ ಹಾಕಿದೆ. ‘ಸೈಕಲ್ ಮೇಲೆ ನಿಧನ’ ಎಂದು ಊರೂರಿಗೆ ಹೋಯಿತು.

ನೇಸರಗಿಯಿಂದ ಬೀಗರು ಹೂವಿನ ಮಾಲೆ ಹಿಡಿದು ಬಂದರು. ಮಾಸ್ತರರೇ ಬಾಗಿಲು ತೆಗೆದು ಚಹಾ ಕೊಟ್ಟರಂತೆ. ಊರೆಲ್ಲ ನಕ್ಕಿತು. ನನಗೆ ಅಕ್ಷರ ತಿದ್ದಿಸಿದವರೇ ಅವರು. ನಿಜವಾಗಿ ಸತ್ತಂತಾದದ್ದು ನನಗೆ. ಮುಖ ತೋರಿಸಲಾರದೆ, ಸಿಕ್ಕ ವೀಸಾ ಹಿಡಿದು ಮಸ್ಕತ್ ಸೇರಿದೆ. ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿರುತ್ತದೆ. ಆ ರೂಢಿಯಿಂದ ಅಂಗಡಿಗಳ ಗಾಜಿಗೆ, ಹೊರಗಿನವರಿಗೆ ನೆಟ್ಟಗೆ ಕಾಣುವಂತೆ, ಒಳಗಿನಿಂದ ಉಲ್ಟಾ ಹೆಸರು ಬರೆಯುವ ಕೆಲಸ ಒಲಿಯಿತು. ಹನ್ನೊಂದು ವರ್ಷದ ಮೇಲೆ ನ್ಯೂಜಿಲೆಂಡ್. ಮೊದಲು ಮನೆಮನೆಗೆ ಬ್ರೆಡ್ಡು ಮುಟ್ಟಿಸಿದೆ, ಆಮೇಲೆ ಕಾರು ಕಲಿಸತೊಡಗಿದೆ. ಗಾಬರಿಯಾದರೆ ನನಗೆ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ; ‘ನಿಧಾನ, ನಿಧಾನ’ ಎಂದುಬಿಡುತ್ತೇನೆ. ಹೀಗಾಗಿ ನನ್ನ ಹತ್ತಿರ ಕಲಿತ ನೂರಾರು ಜನರಿಗೆ ಕನ್ನಡದ ಒಂದು ಶಬ್ದ ಗೊತ್ತಿದೆ, ದೀರ್ಘ ಸಮೇತ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಈ ನಡುವೆ ಊರಿಗೆ ನಾಲ್ಕು ಸಲ ಬಂದರೂ ಮಾಸ್ತರರ ಓಣಿಗೆ ನಾನು ಕಾಲಿಡಲಿಲ್ಲ. ಕ್ಷಮೆ ಕೇಳುವ ಮೊದಲೇ ಆ ತಲೆಬರಹ ನಿಜವಾದರೆ ಎಂಬ ಹೆದರಿಕೆ ಮಾತ್ರ ಎಲ್ಲ ದೇಶಕ್ಕೂ ನನ್ನ ಜೊತೆ ಬಂತು. ಇಂದು ಮುಂಜಾನೆ ಹೋದೆ. ಕಾಲು ಮುಟ್ಟಿ, ತಪ್ಪಾಯಿತು ಎಂದೆ. ಅವರು ರಟ್ಟೆ ಹಿಡಿದು ಎಬ್ಬಿಸಿದರು.

“ಬೈಲಹೊಂಗಲದಿಂದ ದೊಡವಾಡಕ್ಕ ಬರಾಕ ಮೂವತ್ತೆರಡು ವರ್ಷ ತಗೊಂಡಿ. ನಿಧಾನದಾಗ ನನ್ನನ್ನೂ ಸೋಲಿಸಿಬಿಟ್ಟೆಲ್ಲೋ, ಗುರ್ಯಾ.”

ಅಂದು ಗೆದ್ದ ಸ್ಟೀಲ್ ತಂಬಿಗೆಯನ್ನು ನನ್ನ ಕೈಗಿಟ್ಟರು. ಇಗೋ, ಇದೇ ಅದು. ‘ನಿಧಾನ ಸೈಕಲ್, ಪ್ರಥಮ’ ಎಂದು ಕೆತ್ತಿದ್ದಾರೆ. ದೀರ್ಘ ಇದೆ, ಎರಡು ಸಲ ನೋಡಿಕೊಂಡೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಮಾಸ್ತರರು ನೂರರ ಗೆರೆಯನ್ನೂ ನಿಧಾನವಾಗಿಯೇ ಮುಟ್ಟಲಿ. ಊಟಕ್ಕೆ ಮಾತ್ರ ಯಾರೂ ನಿಧಾನ ಮಾಡಬೇಡಿ. ನಮಸ್ಕಾರ.