ದೋಣಿಗಾರ ಮೆಕ್ಕಿ ತಲೆಮರೆಸಿಕೊಂಡಿಲ್ಲ

ನಾನು ದಹಿಬಾ, ತಂದೆ ಸಮೀಲ್ ಅವದ್, ವಯಸ್ಸು ಐವತ್ತೊಂದು, ಕಸುಬು ಪ್ರವಾಸಿಗರಿಗೆ ಚಹಾ ಮಾಡಿಕೊಡುವುದು ಮತ್ತು ಮೆಹಂದಿ ಹಚ್ಚುವುದು, ವಾಸ ಆಸ್ವಾನ್ ಜಿಲ್ಲೆ, ನೈಲ್ ನದಿಯ ಪಶ್ಚಿಮ ದಂಡೆಯ ನಜಾ ಸಂದಲ್ ಗ್ರಾಮ, ದೋಣಿಕಟ್ಟೆಯ ಪಕ್ಕದ ನೀಲಿ ಮನೆ. ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ದೋಣಿಗಾರ ಮೆಕ್ಕಿ ನನ್ನ ತಮ್ಮ. ಮದುವೆಯಾಗಿಲ್ಲ, ನನ್ನ ಮನೆಯಲ್ಲೇ ಊಟ. ನಮ್ಮ ಹೊಲಗಳು ಅಣೆಕಟ್ಟಿನ ನೀರಿನಡಿ ಹೋದ ಮೇಲೆ ಊರಿಗೆ ಬೇರೆ ಆದಾಯವಿಲ್ಲ. ಬಣ್ಣದ ಗೋಡೆ, ತೊಟ್ಟಿಯಲ್ಲಿ ಸಾಕಿದ ಮೊಸಳೆಮರಿ, ಮರಳದಂಡೆ, ಹೊಳೆ ನಡುವಿನ ಕರಿಬಂಡೆಗಳು, ಇವನ್ನು ನೋಡಲು ಬರುವವರಿಂದಲೇ ನಮ್ಮ ಒಲೆ ಉರಿಯುತ್ತದೆ.

ಕಳೆದ ಶುಕ್ರವಾರ ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಗೈಡ್ ವಾಯಿಲ್ ಎಂಬಾತನು ಕೈರೋದ ಗಂಡ, ಹೆಂಡತಿ ಮತ್ತು ಅವರ ನಾಲ್ಕು ವರ್ಷದ ಹೆಣ್ಣುಮಗುವನ್ನು ಕರೆತಂದನು. ಮೊಸಳೆಮರಿಯ ಹೆಸರೇನೆಂದು ಮಗು ಕೇಳಿತು. ಇನ್ನೂ ಇಟ್ಟಿಲ್ಲ, ನೀನೇ ಇಡು ಎಂದು ಮೆಕ್ಕಿ ಹೇಳಿದನು. ಮಗು ತನ್ನ ಅಜ್ಜಿಯ ಹೆಸರಿಟ್ಟಿತು. ಎಲ್ಲರೂ ನಕ್ಕೆವು.

ಬಂಡೆಗಳ ನಡುವೆ ಫೋಟೊ ತೆಗೆಸಬೇಕು, ದೋಣಿ ಅಲ್ಲಿಗೆ ಬಿಡು ಎಂದು ವಾಯಿಲ್ ಹೇಳಿದನು. ಅಂದು ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಅವರಿಬ್ಬರ ಮಾತನ್ನು ಕಿವಿಯಾರೆ ಕೇಳಿದ್ದೇನೆ.

"ಇವತ್ತು ಬೇಡ ಮಾರಾಯ, ಸೆಳೆತ ಜೋರಿದೆ. ಮರಳದಂಡೆಗೆ ಕರ್ಕೊಂಡು ಹೋಗ್ತೀನಿ."

"ಹೊಳೇಲೇ ಹುಟ್ಟಿದೋನ ಥರ ಮೀಸೆ ತಿರುವ್ತಿದ್ದೆ, ಈಗ ಕಾಲು ನಡುಗ್ತಾವೇನೋ? ಆಗಲ್ಲ ಅಂದ್ರೆ ಹೇಳು, ನಾಳೆಯಿಂದ ನನ್ನ ಬಸ್ಸು ಆಚೆ ಊರಲ್ಲಿ ನಿಲ್ಲುತ್ತೆ."

ಮೆಕ್ಕಿ ದೋಣಿಯ ಹಗ್ಗ ಬಿಚ್ಚುತ್ತ, "ಅಕ್ಕಾ, ಮಗೂಗೆ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟು" ಎಂದನು. ನಾನು ಕಟ್ಟಿದೆ. ಅವನು ಮೂವರನ್ನೂ ಕೂರಿಸಿಕೊಂಡು ಬಂಡೆಗಳ ಕಡೆ ದೋಣಿ ಬಿಟ್ಟನು. ವಾಯಿಲ್ ದಡದಲ್ಲೇ ಚಹಾ ಕುಡಿಯುತ್ತ ಕುಳಿತನು.

ದಡದಿಂದ ಸುಮಾರು ಎಂಬತ್ತು ಮೀಟರ್ ದೂರದಲ್ಲಿ ದೋಣಿ ಬಂಡೆಗೆ ಬಡಿದು ಮಗುಚಿತು. ಗಂಡಸು ಬಂಡೆ ಹಿಡಿದುಕೊಂಡನು. ಮಗು ಜಾಕೆಟ್ಟಿನಿಂದ ತೇಲುತ್ತ ನಮ್ಮ ಮೆಟ್ಟಿಲ ಕಡೆ ಬಂತು. ನಾನು ಸೊಂಟದ ನೀರಿಗಿಳಿದು ಎಳೆದುಕೊಂಡೆ. ಅದು ಗಡಗಡ ನಡುಗುತ್ತಿದ್ದುದರಿಂದ ಮನೆಯೊಳಗೆ ಒಯ್ದು ಒದ್ದೆ ಬಟ್ಟೆ ಬಿಚ್ಚಿದೆ. ಅಷ್ಟರಲ್ಲಿ ಮೆಕ್ಕಿ ತಾಯಿಯನ್ನು ಕೆಳಗಿನ ಮರಳದಂಡೆಗೆ ತಂದು ಹಾಕಿದನು. ಆಕೆ ತನ್ನ ಮಗು ನೀರಿನಲ್ಲೇ ಇದೆಯೆಂದು ಕಿರುಚಿದಳು. ಅವನು ಉಸಿರು ಸಹ ಸುಧಾರಿಸಿಕೊಳ್ಳದೆ ಮತ್ತೆ ಹಾರಿದನು. ಇದನ್ನು ಪಕ್ಕದ ಮನೆಯ ಅಶ್ರಿಯಾ ಕಣ್ಣಾರೆ ಕಂಡಿದ್ದಾಳೆ.

ನಾನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಬಂದಾಗ ಅವನು ಬಂಡೆಗಳ ಬಳಿ ಮುಳುಗಿ ಹುಡುಕುತ್ತಿದ್ದನು. "ಮೆಕ್ಕೀ, ಮಗು ಇಲ್ಲೈತೆ ಕಣೋ, ಬಾರೋ!" ಎಂದು ಕೂಗಿ ಮಗುವನ್ನು ಎತ್ತಿ ತೋರಿಸಿದೆ. ನೀರಿನ ಸದ್ದಿಗೆ ಕೇಳಿಸಲಿಲ್ಲ. ಮೇಲೆ ಬಂದಾಗಲೆಲ್ಲ ಅವನು ಹೊಳೆಯನ್ನೇ ನೋಡಿದನು, ದಡದ ಕಡೆ ನೋಡಲಿಲ್ಲ. ಆಮೇಲೆ ಮೇಲೆ ಬರಲಿಲ್ಲ.

ಬಂಡೆಯ ಮೇಲಿದ್ದ ಗಂಡಸನ್ನು ಬೇರೆ ದೋಣಿಯವರು ತಂದರು. ದೋಣಿಗಾರ ಎಲ್ಲಿ ಎಂದು ಆ ತಾಯಿ ಕೇಳಿದಾಗ ವಾಯಿಲ್, "ಹೆದರ್ಬೇಡಿ ಮೇಡಂ, ಇವರೆಲ್ಲ ಮೀನಿದ್ದಂಗೆ, ಎಲ್ಲೋ ದಡ ಹತ್ತಿರ್ತಾನೆ" ಎಂದು ಬಸ್ಸು ಹತ್ತಿಸಿದನು. ಆಕೆ ನನ್ನ ಕೈಗೆ ಮುತ್ತಿಟ್ಟು ಹೋದಳು.

ಶನಿವಾರ ಠಾಣೆಗೆ ಬಂದು ಮುಳುಗುಗಾರರನ್ನು ಕಳಿಸಿರೆಂದು ಬೇಡಿಕೊಂಡೆ. ಪ್ರಯಾಣಿಕರನ್ನು ಬಿಟ್ಟು ಮೆಕ್ಕಿ ಈಜಿ ಪರಾರಿಯಾದನೆಂದು ವಾಯಿಲ್ ದೂರು ಕೊಟ್ಟಿದ್ದಾನೆ, ಓಡಿಹೋದವನಿಗಾಗಿ ಹೊಳೆ ಶೋಧಿಸಲಾಗದು ಎಂದು ತಿಳಿಸಿದರು. ದೋಣಿಕಟ್ಟೆಗೆ ಮೊಹರು ಹಾಕಿದ್ದರಿಂದ ನಮ್ಮವರಿಗೂ ಹುಡುಕಲಾಗಲಿಲ್ಲ. ಭಾನುವಾರ ಪೇದೆಗಳು ನನ್ನ ಮನೆ ಜಾಲಾಡಿ, ಮಂಚದಡಿ ನೋಡಿ, ಹಿಟ್ಟಿನ ಡಬ್ಬದ ಮುಚ್ಚಳವನ್ನೂ ತೆಗೆದು ನೋಡಿದರು.

ಯಾರಿಗೂ ಶಿಕ್ಷೆಯಾಗಲೆಂದು ನಾನು ಕೇಳುತ್ತಿಲ್ಲ. ತಲೆಮರೆಸಿಕೊಂಡಿದ್ದಾನೆ ಎಂಬ ಮಾತನ್ನು ಹೊಡೆದುಹಾಕಿ, ಮುಳುಗುಗಾರರನ್ನು ಕಳಿಸಬೇಕು. ನನ್ನ ತಮ್ಮ ಎಲ್ಲಿಗೂ ಹೋಗಿಲ್ಲ. ಆ ಬಂಡೆಗಳ ಬಳಿ ನೀರಿನಲ್ಲೇ ಇದ್ದಾನೆ. ಮಗು ಸಿಕ್ಕಿತೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಆಸ್ವಾನ್
ದಿನಾಂಕ: 18-02-2019
(ದಹಿಬಾ ಸಮೀಲ್ ಅವದ್, ಎಡಗೈ ಹೆಬ್ಬೆರಳಿನ ಗುರುತು)