ಒಬ್ಬಳೇ ಮಲಗಿದ ರಾಣಿ

೧೯೫೪ರ ವಿಜಯದಶಮಿಯ ಮರುದಿನ ಮೈಸೂರಿನ ನಜರ್‌ಬಾದಿನ ಹಿಟ್ಟಿನ ಗಿರಣಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯವಳು ಮಾತು ತೆಗೆದಳು.

“ಜಾನಕಮ್ಮೋರೇ, ನೀವೇ ಬಂದ್ರಾ? ಕೆಲಸದ ನಂಜಿ ಬರ್ಲಿಲ್ವಾ?”

“ಅವಳನ್ನ ಬಿಡಿಸ್ಬಿಟ್ಟೆ ಕಣೇ ಪುಟ್ಟತಾಯಿ. ಹಬ್ಬದ ಗದ್ದಲದಲ್ಲಿ ಗಮನಿಸಿರ್ಲಿಲ್ಲ, ನೆನ್ನೆ ರಾತ್ರಿ ಪಟ್ಟದ ಗೊಂಬೆಗಳನ್ನ ಮಲಗಿಸೋಕೆ ಹೋದ್ರೆ ರಾಜನೇ ಇಲ್ಲ. ರಾಣಿ ಒಬ್ಬಳನ್ನೇ ಮಲಗಿಸ್ದೆ. ನಂಜಿಯಲ್ದೆ ಇನ್ಯಾರು ತಗೋತಾರೆ?”

ಪುಟ್ಟತಾಯಿ ರಾಗಿಯ ಡಬ್ಬವನ್ನು ಕೆಳಗಿಟ್ಟಳು.

“ರಾಜ ನಮ್ಮನೇಲಿದೆ. ಗೊಂಬೆ ನೋಡೋಕೆ ಬಂದಾಗ ನಮ್ಮ ಮಗು ಲಂಗದಲ್ಲಿ ಸುತ್ಕೊಂಡು ಬಂದ್ಬುಟ್ಟಿತ್ತು.”

“ನಿನಗೆ ಯಾವಾಗ ಗೊತ್ತಾಯ್ತು?”

“ಆಯುಧಪೂಜೆ ದಿನವೇ. ತೊಡೆ ಮೇಲೆ ಮಲಗಿಸ್ಕೊಂಡು ಲಾಲಿ ಹಾಡ್ತಿತ್ತು. ನಾನೂ ನಮ್ಮೆಜಮಾನ್ರೂ ನೋಡ್ತಾ ನಗ್ತಾ ಕೂತ್ಬುಟ್ವಿ. ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.”

ಜಾನಕಮ್ಮ ತಮ್ಮ ಡಬ್ಬವನ್ನೂ ಕೆಳಗಿಟ್ಟರು.

“ನಂಜಿ ಮಗೂನೂ ಜೊತೇಲಿ ಬಂದಿತ್ತು ಕಣೇ. ಅದರ ಎದುರಿಗೇ ಅವಳ ಮಡಿಲು ಕೊಡವಿಸ್ದೆ.”

“ಬನ್ನಿ, ಅವಳ ಮನೆಗೆ ಹೋಗೋಣ.”

“ಹೋಗಿ ಏನಂತ ಹೇಳ್ಲಿ?”



ಅಷ್ಟರಲ್ಲಿ ಅವರ ಸರದಿ ಬಂತು. ಇಬ್ಬರೂ ಬೀಸಿಸದ ಡಬ್ಬಗಳನ್ನು ಎತ್ತಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಸಾಲು ಬಿಟ್ಟು ನಡೆದರು.